ಚಾಕುವಿನ ಒರೆಗೆ ಹಳೆಯ ಬ್ಯಾಗಿನ ಚರ್ಮ ಬೇಡ, ನಡುಪಟ್ಟಿ ಬಿಡಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಮನೆಯಲ್ಲೇ ಚಾಕುವಿಗೆ ಚರ್ಮದ ಒರೆ ಹೊಲಿದುಕೊಳ್ಳುವ ಬಗ್ಗೆ ಬಂದ ಬರಹವನ್ನು ಓದಿದೆವು. ಕೈಕೆಲಸಕ್ಕೆ ಪತ್ರಿಕೆ ಅಷ್ಟು ಜಾಗ ಕೊಟ್ಟಿದ್ದಕ್ಕೆ ಸಂತೋಷ. ಆದರೆ ಅದರಲ್ಲಿನ ಎರಡು ಸಲಹೆಗಳನ್ನು ಹಾಗೇ ಪಾಲಿಸಿದರೆ ಓದುಗರ ಕೈಗೆ ಗಾಯವಾಗುವುದು ಖಂಡಿತ. ಒಂದು, ಹಳೆಯ ಬ್ಯಾಗನ್ನೋ ಸೋಫಾದ ಹೊದಿಕೆಯನ್ನೋ ಕತ್ತರಿಸಿ ಒರೆ ಮಾಡಬಹುದು ಎಂಬುದು. ಇನ್ನೊಂದು, ನಡುಪಟ್ಟಿ, ಅಂದರೆ ಎರಡು ಪದರದ ನಡುವೆ ಕೂರಿಸುವ ಚರ್ಮದ ಪಟ್ಟಿ, ಇಲ್ಲದೆಯೇ ಪದರಗಳನ್ನು ಒಂದರ ಮೇಲೊಂದು ಇಟ್ಟು ಅಂಚು ಹೊಲಿದರೆ ಕೆಲಸ ಮುಗಿಯಿತು ಎಂಬುದು. ಒರೆ ಅಂದಕ್ಕಾಗಿ ಮಾಡುವ ಚೀಲವಲ್ಲ, ಹರಿತವಾದ ಅಲಗಿಗೂ ಮೈಗೂ ನಡುವೆ ನಿಲ್ಲುವ ಗೋಡೆ. ಅದಕ್ಕಾಗಿ ಮೊದಲ ಸಲ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು, ಅಳತೆ ಸಮೇತ ವಿವರವಾಗಿ ಬರೆಯುತ್ತಿದ್ದೇವೆ. ಪತ್ರ ಉದ್ದವಾಯಿತು, ದಯವಿಟ್ಟು ಕತ್ತರಿಸದೆ ಪ್ರಕಟಿಸಿ.

ಮೊದಲು ಚರ್ಮದ ವಿಚಾರ. ಬ್ಯಾಗು, ಜಾಕೆಟ್, ಸೋಫಾಗಳ ಚರ್ಮವನ್ನು ಸಾಮಾನ್ಯವಾಗಿ ಕ್ರೋಮಿಯಂ ಲವಣದಲ್ಲಿ ಹದ ಮಾಡಿರುತ್ತಾರೆ. ಅದು ಮೆತ್ತಗೆ, ಮಡಿಚಿದರೆ ಮತ್ತೆ ಬಿಚ್ಚಿಕೊಳ್ಳುತ್ತದೆ, ಒದ್ದೆ ಮಾಡಿ ಒತ್ತಿದರೂ ಒತ್ತಿದ ಆಕಾರದಲ್ಲಿ ನಿಲ್ಲುವುದಿಲ್ಲ. ಒರೆಗೆ ಬೇಕಾದ್ದು ಇದಕ್ಕೆ ಸರಿಯಾಗಿ ಉಲ್ಟಾ ಗುಣ. ಮೆತ್ತನೆಯ ಒರೆ ಅಲಗಿನ ಮೊನೆ ತಾಗಿದಲ್ಲಿ ಮಡಿಚಿಕೊಳ್ಳುತ್ತದೆ, ಮೊನೆ ಅಲ್ಲೇ ತೂತು ಮಾಡಿ ತೊಡೆಗೆ ಇಳಿಯುತ್ತದೆ. ಜೊತೆಗೆ ಆ ಹದದಲ್ಲಿ ಉಳಿದ ಲವಣ ಮಳೆಗಾಲದ ತೇವ ಎಳೆದುಕೊಂಡು ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಕುಲುಮೆಯಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ತಟ್ಟಿದ ಚಾಕು ಇಂಥ ಒರೆಯಲ್ಲಿದ್ದರೆ ಬೇಗ ಹಾಳು.

ಒರೆಗೆ ಬೇಕಾಗಿರುವುದು ಮರದ ತೊಗಟೆ, ಕಾಯಿಗಳ ಒಗರಿನಲ್ಲಿ ಹದ ಮಾಡಿದ ಚರ್ಮ. ಅಂಗಡಿಯಲ್ಲಿ ವೆಜಿಟೇಬಲ್ ಟ್ಯಾನ್ ಎಂದು ಕೇಳಿದರೆ ಗೊತ್ತಾಗುತ್ತದೆ. ಇದು ನಮಗೆ ಹೊಸದೇನಲ್ಲ. ದಕ್ಷಿಣದಲ್ಲಿ ತಂಗಡಿ ಗಿಡದ ತೊಗಟೆಯಲ್ಲಿ ಚರ್ಮ ಹದ ಮಾಡುವುದು ಹಳೆಯ ಪದ್ಧತಿ. ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ ಕಡೆ ಕೊಲ್ಹಾಪುರಿ ಚಪ್ಪಲಿಗೆ ಬಳಸುವ ಚರ್ಮ ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದವಾದದ್ದು. 2019ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಸೂಚಕ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದವು. ಆ ಚಪ್ಪಲಿಯ ಅಟ್ಟೆಯನ್ನು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿದವರಿಗೆ ಒರೆಗೆ ಎಂಥ ಬಿಗಿ ಬೇಕು ಎಂದು ಹೇಳಬೇಕಾಗಿಲ್ಲ.

ಅಂಗಡಿಯವರ ಮಾತಿನ ಮೇಲೆ ಬಿಡದೆ ನೀವೇ ಗುರುತಿಸಬಹುದು. ಕತ್ತರಿಸಿದ ಅಂಚು ನೋಡಿ. ಒಗರು ಹದದ್ದಾದರೆ ಮೇಲಿಂದ ಕೆಳಗಿನವರೆಗೆ ಒಂದೇ ತರಹದ ಕಂದು ಅಥವಾ ಹುಲ್ಲಿನ ಬಣ್ಣ, ಕ್ರೋಮ್ ಆದರೆ ನಡುವೆ ಸಾಮಾನ್ಯವಾಗಿ ನೀಲಿ ಬೂದು ಗೆರೆ ಕಾಣುತ್ತದೆ. ಪೂರ್ತಿ ಬಣ್ಣ ಅದ್ದಿದ್ದರೆ ಈ ಗುರುತು ಸಿಗುವುದಿಲ್ಲ. ಆಗ ಒಂದು ತುಂಡನ್ನು ನೀರಲ್ಲಿ ನೆನೆಸಿ, ಬಗ್ಗಿಸಿ, ಹಾಗೇ ಒಣಗಲು ಬಿಡಿ. ಬಗ್ಗಿದ್ದು ಬಗ್ಗಿದಂತೆಯೇ ಗಟ್ಟಿಯಾದರೆ ಅದು ನಿಮಗೆ ಬೇಕಾದ ಚರ್ಮ. ಸುಟ್ಟು ಬೂದಿಯ ಬಣ್ಣ ನೋಡುವ ಪರೀಕ್ಷೆಯನ್ನೂ ಕೆಲವರು ಹೇಳುತ್ತಾರೆ. ಕ್ರೋಮ್ ಚರ್ಮದ ಹೊಗೆ, ಬೂದಿ ಎರಡೂ ಒಳ್ಳೆಯದಲ್ಲ, ಮನೆಯಲ್ಲಿ ಅದನ್ನು ಮಾಡಬೇಡಿ.

ದಪ್ಪ 3 ಮಿಲಿಮೀಟರ್ ಇರಲಿ. ಎರಡಕ್ಕಿಂತ ತೆಳುವಾದರೆ ಆಕಾರ ನಿಲ್ಲದು, ನಾಲ್ಕು ದಾಟಿದರೆ ಹೊಸಬರಿಗೆ ಮಡಿಚಲೂ ಬಾರದು, ಚುಚ್ಚಲೂ ಬಾರದು. ದನ, ಎಮ್ಮೆ ಯಾವುದಾದರೂ ಆಗುತ್ತದೆ, ಆದರೆ ಬೆನ್ನಿನ ಭಾಗ ಕೇಳಿ. ಹೊಟ್ಟೆಯ ಭಾಗ ಅಗ್ಗ. ಅದು ಎಳೆದತ್ತ ಹಿಗ್ಗುತ್ತದೆ, ಮೇಲ್ಮೈ ಸುಕ್ಕಾಗುತ್ತದೆ, ಕೆಲವು ತಿಂಗಳಲ್ಲಿ ಒರೆಯ ಬಾಯಿ ಅಗಲವಾಗಿ ಚಾಕು ಜಾರಿ ಬೀಳಲು ಶುರುವಾಗುತ್ತದೆ. ಒಂದು ಒರೆಗೆ ಒಂದು ಚದರ ಅಡಿ ಧಾರಾಳ.

ಇನ್ನು ಅಳತೆ. ಲೆಕ್ಕ ತಿಳಿಯಲು ಒಂದು ಚಾಕು ತೆಗೆದುಕೊಳ್ಳೋಣ: ಅಲಗು 12 ಸೆಂಟಿಮೀಟರ್ ಉದ್ದ, 3 ಸೆಂಟಿಮೀಟರ್ ಅಗಲ, ಬೆನ್ನು 3 ಮಿಲಿಮೀಟರ್ ದಪ್ಪ, ಹಿಡಿಯ ಸುತ್ತಳತೆ 76 ಮಿಲಿಮೀಟರ್. ತೋಟದಲ್ಲಿ, ಅಡುಗೆಮನೆಯಲ್ಲಿ, ಕ್ಯಾಂಪಿಗೆ ಹೋಗುವವರ ಚೀಲದಲ್ಲಿ ಕಾಣುವ ಒಂದೇ ಬದಿ ಹರಿತವಿರುವ ನೇರ ಚಾಕು ಇದು. ಮೊದಲ ಒರೆಗೆ ಇಂಥದ್ದನ್ನೇ ಆರಿಸಿ. ಅಡಿಕೆ ತೋಟದ ಬಾಗಿದ ಕತ್ತಿಗೆ ಇಲ್ಲಿ ಹೇಳುವ ಒರೆ ಒಗ್ಗುವುದಿಲ್ಲ, ಬಾಗಿದ ಅಲಗು ಕೊಳವೆಯೊಳಗೆ ಹೋಗದು. ಮಲೆನಾಡು, ಕರಾವಳಿಯಲ್ಲಿ ಅದನ್ನು ಸೊಂಟದ ಕೊಕ್ಕೆಗೆ ಸಿಕ್ಕಿಸುವುದು, ಕೊಡಗಿನಲ್ಲಿ ಒಡಿಕತ್ತಿಯನ್ನು ಬೆನ್ನ ಹಿಂದಿನ ಲೋಹದ ತೊಡಂಗಿಗೆ ಸೇರಿಸುವುದು ಇದೇ ಕಾರಣಕ್ಕೆ. ಅವು ಬೇರೆಯದೇ ವಿದ್ಯೆ.

ಒರೆಯನ್ನು ಒಂದೇ ತುಂಡು ಚರ್ಮ ಮಡಿಚಿ ಮಾಡುತ್ತೇವೆ. ಚಾಕುವಿನ ಬೆನ್ನು ಮಡಿಕೆಯ ಕಡೆ, ಹರಿತದ ಬದಿ ಹೊಲಿಗೆಯ ಕಡೆ. ಮೊದಲು ಮದುವೆ ಪತ್ರಿಕೆಯಂಥ ದಪ್ಪ ಕಾಗದದಲ್ಲಿ ನಕ್ಷೆ ಮಾಡಿ. ಕಾಗದದ ನಡುವೆ ಉದ್ದಕ್ಕೆ ಗೆರೆ ಎಳೆಯಿರಿ, ಅದು ಮಡಿಕೆ. ಬೆನ್ನನ್ನು ಆ ಗೆರೆಗೆ ತಾಗಿಸಿ ಚಾಕುವಿನ ಸುತ್ತ ಪೆನ್ಸಿಲ್ ಓಡಿಸಿ. ಅಲಗಿನ ಭಾಗದಲ್ಲಿ, ಅಲಗಿನ ಅಗಲ 30, ಮಡಿಕೆಯಲ್ಲಿ ಚರ್ಮದ ದಪ್ಪಕ್ಕೆ 3, ನಡುಪಟ್ಟಿಗೆ 10, ಒಟ್ಟು 43 ಮಿಲಿಮೀಟರ್ ಒಂದು ಬದಿಗೆ. ಹಿಡಿಯ ಭಾಗಕ್ಕೆ ಲೆಕ್ಕ ಬೇರೆ, ಏಕೆಂದರೆ ಹಿಡಿ ಉರುಟು. ಹಿಡಿಯ ಸುತ್ತ ಕಾಗದದ ಪಟ್ಟಿ ಸುತ್ತಿ ಅಳೆದಾಗ ಬಂದ 76ಕ್ಕೆ ಚರ್ಮದ ದಪ್ಪದ ಮೂರರಷ್ಟಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ 10 ಸೇರಿಸಿ. 86ರ ಅರ್ಧ 43. ಅದಕ್ಕೆ ನಡುಪಟ್ಟಿಯ 10 ಸೇರಿಸಿದರೆ ಒರೆಯ ಬಾಯಿಯಲ್ಲಿ ಒಂದು ಬದಿಗೆ 53, ಬಿಚ್ಚಿಟ್ಟಾಗ 106 ಮಿಲಿಮೀಟರ್. ಚರ್ಮ ಉರುಟಾಗಿ ಸುತ್ತುವಾಗ ದಪ್ಪವೂ ಜಾಗ ತಿನ್ನುತ್ತದೆ. ಹೊಸಬರು ಈ 10 ಸೇರಿಸುವುದನ್ನು ಮರೆಯುತ್ತಾರೆ, ಹೊಲಿದು ಮುಗಿಸಿದ ಮೇಲೆ ಹಿಡಿ ಒಳಗೇ ಇಳಿಯುವುದಿಲ್ಲ.

ಉದ್ದಕ್ಕೆ ಅಲಗು 120, ಹಿಡಿಯಲ್ಲಿ ಒಳಗೆ ಹೋಗಬೇಕಾದದ್ದು 40, ಮೊನೆಯ ಕೆಳಗೆ 15, ಒಟ್ಟು 175. ಹಿಡಿ ಅಷ್ಟು ಒಳಗೆ ಹೋಗದಿದ್ದರೆ ಒರೆ ಚಾಕುವನ್ನು ಹಿಡಿದುಕೊಳ್ಳಲಾರದು. ಅಲಗನ್ನು ಬಿಗಿ ಹಿಡಿದರೆ ಅಲಗು ಚರ್ಮವನ್ನು ಕೊಯ್ಯುತ್ತದೆ. ಹಿಡಿತ ಯಾವಾಗಲೂ ಹಿಡಿಯ ಮೇಲೇ ಇರಬೇಕು.

ನಕ್ಷೆ ಕತ್ತರಿಸಿ, ಮಡಿಚಿ, ಕ್ಲಿಪ್ ಹಾಕಿ ಚಾಕು ಇಳಿಸಿ ನೋಡಿ. ಕಾಗದ ತೆಳುವಾದ್ದರಿಂದ ಇದರಲ್ಲಿ ಸಡಿಲವಾಗಿ ಕಂಡರೆ ಚರ್ಮದಲ್ಲಿ ಸರಿಯಾಗಿರುತ್ತದೆ, ಕಾಗದದಲ್ಲೇ ಬಿಗಿಯಾದರೆ ಅಳತೆ ತಪ್ಪಿದೆ ಎಂದರ್ಥ. ಚರ್ಮದ ಮೇಲೆ ಗುರುತು ಹಾಕುವಾಗ ಎಡ ಬಲ ನೋಡಿಕೊಳ್ಳಿ. ಕೂದಲಿದ್ದ ನಯವಾದ ಬದಿಯ ಮೇಲೆ ನಕ್ಷೆ ಇಟ್ಟರೆ ಒಂದು ಕೈಯವರಿಗೆ, ಮಾಂಸದ ಒರಟು ಬದಿಯ ಮೇಲೆ ಇಟ್ಟರೆ ಇನ್ನೊಂದು ಕೈಯವರಿಗೆ ಒರೆಯಾಗುತ್ತದೆ. ಸೊಂಟಕ್ಕೆ ಸಿಕ್ಕಿಸುವ ಕುಣಿಕೆ ಯಾವ ಬದಿಗೆ ಬರುತ್ತದೆ ಎಂಬುದನ್ನು ಕಾಗದದ ಮೇಲೇ ಬರೆದಿಟ್ಟರೆ ಚರ್ಮ ಹಾಳಾಗದು. ಕತ್ತರಿಯಲ್ಲಿ ಕತ್ತರಿಸಬೇಡಿ, ಅಂಚು ಓರೆಯಾಗುತ್ತದೆ. ಹೊಸ ಬ್ಲೇಡ್ ಹಾಕಿದ ಕಟರ್, ಉಕ್ಕಿನ ಸ್ಕೇಲು, ಕೆಳಗೆ ರಬ್ಬರ್ ಹಾಳೆ ಅಥವಾ ಮರ. ಒಂದೇ ಏಟಿಗೆ ಕತ್ತರಿಸಲು ಬಲ ಹಾಕಬೇಡಿ, ಮೂರು ನಾಲ್ಕು ಸಲ ಹಗುರವಾಗಿ ಎಳೆಯಿರಿ. ಸ್ಕೇಲು ಹಿಡಿದ ಬೆರಳು ಕಟರ್ ಬರುವ ದಾರಿಯಲ್ಲಿ ಇರಬಾರದು.

ಈಗ ನಡುಪಟ್ಟಿ. ನಮ್ಮ ಪತ್ರದ ಮುಖ್ಯ ವಿಷಯವೇ ಇದು. ಎರಡು ಪದರಗಳ ನಡುವೆ, ಹರಿತದ ಬದಿಯ ಉದ್ದಕ್ಕೂ, ಅದೇ ಚರ್ಮದ 10 ಮಿಲಿಮೀಟರ್ ಅಗಲದ ಪಟ್ಟಿಯೊಂದನ್ನು ಕೂರಿಸಬೇಕು. ಅದು ಇಲ್ಲದಿದ್ದರೆ ಏನಾಗುತ್ತದೆ ನೋಡಿ. ಎರಡು ಪದರ ಸೇರುವ ಕಡೆ ಸಂದು ಕಿರಿದಾಗುತ್ತಾ ಹೋಗುತ್ತದೆ, ಅಲಗಿನ ಬಾಯಿ ಆ ಸಂದಿಗೆ ಹೊಕ್ಕು ನೇರ ದಾರದ ಮೇಲೆ ಕೂರುತ್ತದೆ. ಚಾಕು ಹಾಕಿದಾಗ ಒಂದು ಸಲ, ತೆಗೆದಾಗ ಒಂದು ಸಲ ದಾರ ಕೊಯ್ಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಒಂದು ದಿನ ಎಡಗೈಯಲ್ಲಿ ಒರೆ ಹಿಡಿದು ಬಲಗೈಯಲ್ಲಿ ಚಾಕು ಎಳೆಯುವಾಗ ಹೊಲಿಗೆ ಬಿಟ್ಟುಕೊಂಡು ಅಲಗು ಅಂಗೈಗೆ ಬರುತ್ತದೆ. ನಡುಪಟ್ಟಿ ಇದ್ದರೆ ಅಲಗಿಗೆ ಸಿಗುವುದು ಪಟ್ಟಿಯ ಅಂಚು ಮಾತ್ರ. ಹೊಲಿಗೆ ಹೊರ ಅಂಚಿನಿಂದ 4 ಮಿಲಿಮೀಟರ್ ಒಳಗೆ ಬಂದರೆ, ಅಲಗಿಗೂ ದಾರಕ್ಕೂ ನಡುವೆ 6 ಮಿಲಿಮೀಟರ್ ಗಟ್ಟಿ ಚರ್ಮ ಉಳಿಯುತ್ತದೆ. ವರ್ಷಗಟ್ಟಲೆ ಬಳಸಿದರೂ ಅದು ಸವೆದು ದಾರದವರೆಗೆ ಬರುವುದು ಅಪರೂಪ.

ಪಟ್ಟಿಯ ದಪ್ಪ ಅಲಗಿನ ಬೆನ್ನಿನ ದಪ್ಪಕ್ಕೆ ಸಮನಾಗಿರಲಿ. ಇಲ್ಲಿ ಎರಡೂ 3 ಮಿಲಿಮೀಟರ್, ಹಾಗಾಗಿ ಒಂದು ಪದರ ಸಾಕು. ಬೆನ್ನು 5 ಇದ್ದರೆ ಎರಡು ಪದರ ಹಾಕಿ. ಪಟ್ಟಿಯನ್ನು ನೇರವಾಗಿ ಕತ್ತರಿಸಿ ಬಲವಂತವಾಗಿ ಬಾಗಿಸಬೇಡಿ. ಅಲಗಿನ ಬಾಗಿಗೆ ಸರಿಯಾಗಿ ನಕ್ಷೆಯಿಂದಲೇ ಕತ್ತರಿಸಿ. ಬಾಗಿಸಿದ ಪಟ್ಟಿ ಮೊನೆಯ ಹತ್ತಿರ ಎದ್ದು ನಿಲ್ಲುತ್ತದೆ, ಚಾಕು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮೊನೆಯ ಕೆಳಗೂ ಪಟ್ಟಿ ಸುತ್ತಿಕೊಂಡು ಮಡಿಕೆಯ ಹತ್ತಿರದವರೆಗೆ ಬರಬೇಕು, ಕೊನೆಯಲ್ಲಿ ಮಾತ್ರ ತೆಳುವಾಗಿ ಸೀಳಿ. ಮಡಿಕೆಗೂ ಪಟ್ಟಿಗೂ ನಡುವೆ ತುದಿಯಲ್ಲಿ 3 ಮಿಲಿಮೀಟರಿನಷ್ಟು ಸಂದು ಬಿಟ್ಟರೆ ಒಳಗೆ ಹೋದ ನೀರು ಇಳಿದುಹೋಗುತ್ತದೆ. ಮಲೆನಾಡಿನವರಿಗೆ ಈ ಸಂದು ಕಡ್ಡಾಯ ಎನ್ನುತ್ತೇವೆ.

ಕುಣಿಕೆಯನ್ನು ಒರೆ ಮುಚ್ಚುವ ಮೊದಲೇ ಹೊಲಿಯಬೇಕು. ಮುಚ್ಚಿದ ಮೇಲೆ ಒಳಗೆ ಕೈ ಹೋಗುವುದಿಲ್ಲ, ಸೂಜಿಯೂ ಹೋಗುವುದಿಲ್ಲ. ಹೊಸಬರು ಮುಖ ಸಣ್ಣ ಮಾಡಿಕೊಂಡು ಒರೆ ಬಿಚ್ಚಬೇಕಾಗುವುದು ಹೆಚ್ಚಾಗಿ ಈ ಒಂದು ಕಾರಣಕ್ಕೆ. 40 ಮಿಲಿಮೀಟರ್ ಬೆಲ್ಟಿಗೆ 30 ಅಗಲ, 150 ಉದ್ದದ ಪಟ್ಟಿ ಬೇಕು. ಅದನ್ನು ನಡುವೆ ಮಡಿಚಿ ಎರಡೂ ತುದಿ ಒಂದರ ಮೇಲೊಂದು ಬರುವಂತೆ ಒರೆಯ ಹಿಂಬದಿಗೆ ಇಡಿ. ಕೆಳಗಿನ 25 ಮಿಲಿಮೀಟರಿನಲ್ಲಿ ಚೌಕವಾಗಿ ಹೊಲಿದರೆ ಮೇಲೆ ಬೆಲ್ಟು ಹೋಗಲು ಸುಮಾರು 45 ಉಳಿಯುತ್ತದೆ. ಒಳಗಿನ ತುದಿಯನ್ನು ಅರ್ಧ ದಪ್ಪಕ್ಕೆ ಸೀಳಿಕೊಂಡರೆ ಗಂಟಿನಂತೆ ಉಬ್ಬುವುದಿಲ್ಲ. ರಿವೆಟ್ ಹೊಡೆಯುವುದಾದರೆ ತಾಮ್ರ ಅಥವಾ ಹಿತ್ತಾಳೆಯದೇ ಆಗಲಿ, ಅದರ ತಲೆ ಅಲಗು ಓಡಾಡುವ ಜಾಗದಲ್ಲಿ ಇರಬಾರದು. ನಮ್ಮ ಮಟ್ಟಿಗೆ ಹೊಲಿಗೆಯೇ ಮೇಲು.

ಅಂಟಿಸಲು ಚಪ್ಪಲಿ ಹೊಲಿಯುವವರು ಬಳಸುವ ರಬ್ಬರ್ ಸಲ್ಯೂಷನ್, ಫೆವಿಬಾಂಡ್ ತರಹದ್ದು, ಸಾಕು. ಬಿಳಿ ಗೋಂದು ಬೇಡ, ಮುಂದೆ ಒರೆ ನೀರಿಗೆ ಹಾಕಿದಾಗ ಬಿಟ್ಟುಕೊಳ್ಳುತ್ತದೆ. ನಯವಾದ ಬದಿಯನ್ನು ಅಂಟಿಸುವ ಕಡೆ ಮರಳು ಕಾಗದದಲ್ಲಿ ಉಜ್ಜಿ ಒರಟು ಮಾಡಿ. ಸಲ್ಯೂಷನ್ ಅನ್ನು ಎರಡೂ ಮೈಗೆ ತೆಳುವಾಗಿ ಸವರಿ 10ರಿಂದ 15 ನಿಮಿಷ ಬಿಡಿ. ಬೆರಳು ತಾಗಿಸಿದರೆ ಅಂಟು ಅನಿಸಬೇಕು, ಆದರೆ ಬೆರಳಿಗೆ ಬರಬಾರದು. ಆಗ ಸೇರಿಸಿ, ಸುತ್ತಿಗೆಯಿಂದ ಹಗುರವಾಗಿ ತಟ್ಟಿ. ಹಸಿಯಿರುವಾಗಲೇ ಸೇರಿಸಿದರೆ ಮರುದಿನವೂ ಒಣಗಿರುವುದಿಲ್ಲ. ಕಿಟಕಿ ತೆರೆದಿರಲಿ, ಹತ್ತಿರ ಒಲೆ, ದೀಪ, ಬೀಡಿ ಯಾವುದೂ ಬೇಡ, ಅದರ ಆವಿ ಬೇಗ ಹೊತ್ತಿಕೊಳ್ಳುತ್ತದೆ. ಮೊದಲು ನಡುಪಟ್ಟಿಯನ್ನು ಒಂದು ಬದಿಗೆ ಅಂಟಿಸಿ. ಆಮೇಲೆ ಚರ್ಮದ ಮಡಿಕೆಯ ಗೆರೆಯನ್ನು ಒಳಬದಿಯಿಂದ ಸ್ವಲ್ಪ ಒದ್ದೆ ಮಾಡಿ ಮಡಿಚಿ. ಒಣಗಿದ ಚರ್ಮವನ್ನು ಬಲವಾಗಿ ಮಡಿಚಿದರೆ ನಯವಾದ ಮೈ ಬಿರುಕು ಬಿಡುತ್ತದೆ. ಮಡಿಚಿದ್ದು ಒಣಗಿದ ಮೇಲೆ ಇನ್ನೊಂದು ಬದಿ ಅಂಟಿಸಿ, ಮೂರೂ ಪದರದ ಹೊರ ಅಂಚನ್ನು ಮರಳು ಕಾಗದದಲ್ಲಿ ಸಮ ಮಾಡಿ. ಹೊಲಿಯುವ ಮೊದಲೇ ಅಂಚು ಸಮವಾಗಿದ್ದರೆ ಮಾತ್ರ ಹೊಲಿಗೆಯ ಗೆರೆಯೂ ನೇರವಾಗುತ್ತದೆ.

ಹೊಲಿಗೆಯ ಗೆರೆಯನ್ನು ಜಾಮಿಟ್ರಿ ಪೆಟ್ಟಿಗೆಯ ಡಿವೈಡರನ್ನು 4 ಮಿಲಿಮೀಟರಿಗೆ ತೆರೆದು ಅಂಚಿಗುಂಟ ಎಳೆಯಿರಿ. ಅದೇ ಡಿವೈಡರಿನಿಂದ 4 ಮಿಲಿಮೀಟರಿಗೊಂದು ಚುಕ್ಕೆ ಹಾಕುತ್ತಾ ಹೋಗಿ. 18 ಸೆಂಟಿಮೀಟರ್ ಹೊಲಿಗೆಗೆ ಸುಮಾರು 45 ತೂತು. ಮೂರು ಪದರ ಸೇರಿ 9 ಮಿಲಿಮೀಟರ್ ದಪ್ಪವಿರುವುದರಿಂದ ಹೊಸಬರು ಉಳಿಯಿಂದ ಚುಚ್ಚಿದರೆ ಮುಂದೆ ನೇರವಾಗಿ ಕಂಡ ಗೆರೆ ಹಿಂದೆ ಹಾವಿನಂತೆ ಹೊರಳುತ್ತದೆ. ಕೆಲವು ತೂತು ನಡುಪಟ್ಟಿಯಿಂದ ಆಚೆಗೇ ಹೋಗಿಬಿಡುವುದುಂಟು, ಆಗ ಪಟ್ಟಿ ಹಾಕಿಯೂ ಹಾಕದಂತೆ. ಉಳಿ ಸ್ವಲ್ಪ ಓರೆಯಾದರೂ 9 ಮಿಲಿಮೀಟರ್ ಆಳದಲ್ಲಿ ಆ ಓರೆ ದೊಡ್ಡದಾಗುತ್ತದೆ. ಮೊದಲ ಒರೆಗೆ ನಾಚಿಕೆಯಿಲ್ಲದೆ ಡ್ರಿಲ್ ಬಳಸಿ. 1 ಮಿಲಿಮೀಟರ್ ದಾರಕ್ಕೆ 1.5 ಮಿಲಿಮೀಟರ್ ಬಿಟ್, ಕೆಳಗೆ ಮರದ ತುಂಡು, ಒರೆ ಮೇಜಿಗೆ ಸಮನಾಗಿ ಮಲಗಿರಬೇಕು. ಕುಣಿಕೆ ಉಬ್ಬಿರುವುದರಿಂದ ಒರೆ ಓರೆಯಾಗಿ ಕೂರುತ್ತದೆ, ಆ ಉಬ್ಬು ಮೇಜಿನ ಅಂಚಿನಿಂದ ಹೊರಗಿರುವಂತೆ ಇಟ್ಟುಕೊಳ್ಳಿ. ಡ್ರಿಲ್ ನಿಲ್ಲಿಸುವ ಸ್ಟ್ಯಾಂಡ್ ಇದ್ದರಂತೂ ಚಿಂತೆಯಿಲ್ಲ.

ದಾರಕ್ಕೆ ಮೇಣ ಹಾಕಿದ ಪಾಲಿಯೆಸ್ಟರ್ ತನ್ನಿ. ಹತ್ತಿ ದಾರ ನಮ್ಮ ಮಳೆಯಲ್ಲಿ ಕೊಳೆಯುತ್ತದೆ, ನೈಲಾನ್ ಹಿಗ್ಗುತ್ತದೆ. ಮೇಣವಿಲ್ಲದ ದಾರವಾದರೆ ಜೇನುಮೇಣದ ಉಂಡೆಯ ಮೇಲೆ ಎರಡು ಸಲ ಎಳೆಯಿರಿ. ಎಷ್ಟು ಉದ್ದ ಬೇಕೆಂಬುದನ್ನು ಅಂದಾಜಿಗೆ ಬಿಡಬೇಡಿ. ಒಂದೊಂದು ಹೊಲಿಗೆಯಲ್ಲಿ ಪ್ರತಿ ಸೂಜಿಯ ದಾರ 4 ಮಿಲಿಮೀಟರ್ ಮುಂದೆ ಹೋಗುತ್ತದೆ, 9 ಮಿಲಿಮೀಟರ್ ಆಳಕ್ಕೆ ದಾಟುತ್ತದೆ, ಒಟ್ಟು 13. ಸೂಜಿ ಎರಡು, ಹಾಗಾಗಿ 26. ಅದು 45 ಹೊಲಿಗೆಗೆ 117 ಸೆಂಟಿಮೀಟರ್. ಹಿಂದಕ್ಕೆ ಹೊಲಿಯಲು, ಎರಡೂ ತುದಿಯಲ್ಲಿ ಸೂಜಿ ಹಿಡಿಯಲು ಸೇರಿಸಿ 175 ಸೆಂಟಿಮೀಟರ್ ಕತ್ತರಿಸಿಕೊಳ್ಳಿ. ಹೊಲಿಗೆಯ ನಾಲ್ಕು ಪಟ್ಟು ದಾರ ಸಾಕು ಎಂಬ ಮಾತು ಪರ್ಸಿನಂಥ ತೆಳು ಕೆಲಸಕ್ಕೆ ಸರಿ, ಮೂರು ಪದರದ ಒರೆಗೆ ಅರ್ಧದಲ್ಲೇ ಮುಗಿದುಹೋಗುತ್ತದೆ.

ಒಂದೇ ದಾರದ ಎರಡು ತುದಿಗೆ ಎರಡು ಸೂಜಿ. ಸೂಜಿಯ ಮೊನೆ ಕಲ್ಲಿಗೆ ಉಜ್ಜಿ ಮೊಂಡು ಮಾಡಿಕೊಳ್ಳಿ, ಇಲ್ಲದಿದ್ದರೆ ಒಂದು ಸೂಜಿ ಇನ್ನೊಂದು ದಾರವನ್ನೇ ಸೀಳುತ್ತದೆ. ಮೊದಲ ತೂತಿನಲ್ಲಿ ದಾರವನ್ನು ಅರ್ಧಕ್ಕೆ ತಂದು, ಮುಂದಿನ ಪ್ರತಿ ತೂತಿನಲ್ಲೂ ಎರಡು ಕಡೆಯಿಂದ ಎರಡು ಸೂಜಿ ದಾಟಿಸಿ, ಎರಡೂ ಕೈಯಲ್ಲಿ ಸಮವಾಗಿ ಬಿಗಿಯಿರಿ. ಯಾವ ಸೂಜಿ ಮೊದಲು, ಅದು ಇನ್ನೊಂದರ ಮೇಲೋ ಕೆಳಗೋ ಎಂಬ ಕ್ರಮವನ್ನು ಕೊನೆಯವರೆಗೂ ಬದಲಿಸದಿದ್ದರೆ ಹೊಲಿಗೆ ಒಂದೇ ಓರೆಯಲ್ಲಿ ಬೀಳುತ್ತದೆ. ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರ, ಕೆಳಗಿನ ದಾರ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡಿರುತ್ತವೆ, ಒಂದು ಕಡೆ ಕಡಿದರೆ ಸಾಲು ಬಿಚ್ಚುತ್ತಾ ಹೋಗುತ್ತದೆ. ಕೈಯ ಈ ಹೊಲಿಗೆಯಲ್ಲಿ ಎರಡು ದಾರವೂ ಇಡೀ ಸಾಲಿನಲ್ಲಿ ಓಡಿರುವುದರಿಂದ ಒಂದು ಕಡಿದರೂ ಇನ್ನೊಂದು ಹಿಡಿದಿರುತ್ತದೆ. ಒರೆಗೆ ಕೈಹೊಲಿಗೆಯೇ ಬೇಕು ಎನ್ನುವುದು ಹಳೆಯದರ ಮೇಲಿನ ಮೋಹದಿಂದಲ್ಲ, ಈ ಕಾರಣದಿಂದ. ಬಾಯಿಯ ಹತ್ತಿರ ಮತ್ತು ಕೊನೆಯಲ್ಲಿ ಮೂರು ಹೊಲಿಗೆ ಹಿಂದಕ್ಕೆ ಬಂದು, ದಾರವನ್ನು ಒರೆಯ ಹಿಂಬದಿಗೆ ತಂದು ಕತ್ತರಿಸಿ, ತುದಿಯನ್ನು ಬೆಂಕಿಕಡ್ಡಿಯಿಂದ ಕರಗಿಸಿ ಒತ್ತಿ.

ಆಕಾರ ಕೊಡುವುದು ಕೊನೆಯ ದೊಡ್ಡ ಹಂತ. ಚಾಕುವಿಗೆ ತೆಳುವಾಗಿ ಎಣ್ಣೆ ಸವರಿ, ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆಯನ್ನು ಎರಡು ಸುತ್ತು ಸುತ್ತಿ. ಒರೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಬರುವುದು ನಿಂತ ಕೂಡಲೇ ತೆಗೆಯಿರಿ. 3 ಮಿಲಿಮೀಟರ್ ಚರ್ಮಕ್ಕೆ ಒಂದೆರಡು ನಿಮಿಷ ಸಾಕು. ಬಿಸಿನೀರು ಮಾತ್ರ ಬೇಡವೇ ಬೇಡ, ಒಗರು ಹದದ ಚರ್ಮ ಬಿಸಿನೀರಿನಲ್ಲಿ ಕುಗ್ಗಿ ಕಟ್ಟಿಗೆಯಾಗುತ್ತದೆ, ಮತ್ತೆ ಸರಿಹೋಗದು. ಮೇಲಿನ ನೀರು ಬಟ್ಟೆಯಲ್ಲಿ ಒರೆಸಿ, ಚಾಕು ಇಳಿಸಿ, ಹೆಬ್ಬೆರಳಿನಿಂದ ಹಿಡಿಯ ಸುತ್ತ ಒತ್ತುತ್ತಾ ಬನ್ನಿ. ಚಮಚದ ಬೆನ್ನಿನಿಂದ ಉಜ್ಜಿದರೆ ಗೆರೆ ಇನ್ನೂ ಸ್ಪಷ್ಟವಾಗುತ್ತದೆ, ಆದರೆ ಅದು ತುಕ್ಕಿಲ್ಲದ ಸ್ಟೀಲಿನದ್ದೋ ಮರದ್ದೋ ಆಗಿರಲಿ. ಒದ್ದೆ ಚರ್ಮಕ್ಕೆ ಉಗುರು ತಾಗಿದರೂ ಗುರುತು ಶಾಶ್ವತ. ಅರ್ಧ, ಒಂದು ಗಂಟೆಯಲ್ಲಿ ಚರ್ಮ ಆಕಾರ ಹಿಡಿದ ಮೇಲೆ ಚಾಕು ಹೊರತೆಗೆದು, ಒರೆಯನ್ನು ನೆರಳಿನಲ್ಲಿ ಗಾಳಿಯಾಡುವ ಕಡೆ ಒಂದು ಇಡೀ ದಿನ ಒಣಗಿಸಿ. ಮಳೆಗಾಲದಲ್ಲಿ ಎರಡು ದಿನ. ಬಿಸಿಲು, ಒಲೆ, ಕೂದಲು ಒಣಗಿಸುವ ಯಂತ್ರ ಯಾವುದೂ ಆಗದು, ಮೈ ಬಿರಿಯುತ್ತದೆ.

ಇಲ್ಲಿ ಒಂದು ಸಂಗತಿ ಹೊಸಬರನ್ನು ಬೆಚ್ಚಿಬೀಳಿಸುತ್ತದೆ. ಒದ್ದೆಯ ಒರೆಯ ಮೇಲೆ ಇದ್ದಕ್ಕಿದ್ದಂತೆ ನೀಲಿಗಪ್ಪು ಚುಕ್ಕೆಗಳು ಏಳುತ್ತವೆ. ಅದು ಬೂಷ್ಟು ಅಲ್ಲ. ಕಬ್ಬಿಣದ ಪುಡಿಯೋ ಅರದ ಧೂಳೋ ತಾಗಿ, ಚರ್ಮದಲ್ಲಿರುವ ಒಗರಿನ ಜೊತೆ ಸೇರಿ ಮಸಿಯಾಗಿರುತ್ತದೆ. ಅಳಲೆಕಾಯಿಗೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಸೇರಿಸಿ ಹಿಂದಿನವರು ಮಸಿ ಮಾಡುತ್ತಿದ್ದುದು ಇದೇ ಗುಣದಿಂದ. ಚುಕ್ಕೆ ಹೊಸದಾಗಿದ್ದರೆ ನಿಂಬೆರಸ ಸವರಿ, ಕೂಡಲೇ ನೀರಲ್ಲಿ ಒರೆಸಿದರೆ ಬಹುಮಟ್ಟಿಗೆ ಹೋಗುತ್ತದೆ. ಚಾಕು ಸಾಣೆ ಹಿಡಿದ ಮೇಜಿನ ಮೇಲೇ ಚರ್ಮ ಇಡದಿದ್ದರೆ ಈ ತಾಪತ್ರಯವೇ ಇಲ್ಲ.

ಅಂಚನ್ನು 120, 220, 400 ನಂಬರಿನ ಮರಳು ಕಾಗದದಲ್ಲಿ ಕ್ರಮವಾಗಿ ಉಜ್ಜಿ, ಸ್ವಲ್ಪ ನೀರು ಮುಟ್ಟಿಸಿ, ಜೀನ್ಸ್ ಬಟ್ಟೆಯಲ್ಲಿ ತಿಕ್ಕಿ, ಮೇಲೆ ಜೇನುಮೇಣ ಹಚ್ಚಿ. ಎಣ್ಣೆ ಒಂದೇ ಒಂದು ತೆಳು ಕೈ. ಮೆತ್ತಗಾಗಲಿ ಎಂದು ಎಣ್ಣೆ ಕುಡಿಸುವ ಅಭ್ಯಾಸ ಚಪ್ಪಲಿಗೆ ಸರಿ, ಒರೆಗೆ ಅಲ್ಲ. ಅಷ್ಟು ಕಷ್ಟಪಟ್ಟು ಕೂರಿಸಿದ ಆಕಾರ ಕರಗಿಹೋಗುತ್ತದೆ.

ಸೊಂಟಕ್ಕೆ ಹಾಕುವ ಮೊದಲು ಪರೀಕ್ಷೆ ಮಾಡಿ. ಮೆತ್ತನೆಯ ಮಣ್ಣಿನ ಮೇಲೆ, ಕಾಲು ದೂರ ಇಟ್ಟು, ಒರೆಯನ್ನು ತಲೆಕೆಳಗಾಗಿ ಹಿಡಿದು ಜೋರಾಗಿ ಒದರಿ. ಚಾಕು ಬಿದ್ದರೆ ಮತ್ತೊಮ್ಮೆ ಒದ್ದೆ ಮಾಡಿ ಹಿಡಿಯ ಸುತ್ತ ಬಿಗಿಯಾಗಿ ಒತ್ತಿ. ಆಗಲೂ ಬಿದ್ದರೆ ಹಿಡಿಗೆ ಸುತ್ತುವ ಪಟ್ಟಿಯೊಂದನ್ನು ಟಿಚ್ ಗುಂಡಿಯ ಸಮೇತ ಹಾಕಬೇಕಾಗುತ್ತದೆ. ಆ ಪಟ್ಟಿ ಹಿಡಿಯ ಮೇಲೆ ಬರಲಿ, ಅಲಗು ಹೊರಬರುವ ದಾರಿಗೆ ಅಡ್ಡ ಬಂದರೆ ಚಾಕು ಎಳೆದಾಗಲೆಲ್ಲ ಕೊಯ್ಯುತ್ತದೆ. ಇನ್ನೊಂದು ಮಾತನ್ನು ಮನೆಯ ಮಕ್ಕಳಿಗೂ ಹೇಳಿ: ಚಾಕು ತೆಗೆಯುವಾಗ, ಹಾಕುವಾಗ ಒರೆಯನ್ನು ಮಡಿಕೆಯ ಕಡೆಯಿಂದ ಹಿಡಿಯಬೇಕು. ಹೊಲಿಗೆಯ ಸುತ್ತ ಬೆರಳು ಸುತ್ತಬಾರದು. ಎಷ್ಟು ಚೆನ್ನಾಗಿ ಹೊಲಿದ ಒರೆಗೂ ಈ ನಿಯಮ ಅನ್ವಯಿಸುತ್ತದೆ.

ಒರೆ ಚಾಕುವನ್ನು ಒಯ್ಯಲು ಇರುವುದು, ಇಟ್ಟು ಮರೆಯಲು ಅಲ್ಲ. ಒಗರು ಹದದ ಚರ್ಮದಲ್ಲೂ ಆಮ್ಲದ ಗುಣವಿದೆ, ಕುಲುಮೆಯ ಉಕ್ಕು ಅದರಲ್ಲಿ ತಿಂಗಳುಗಟ್ಟಲೆ ಕೂತರೆ ಕಪ್ಪಾಗಿ ತುಕ್ಕು ಹಿಡಿಯುತ್ತದೆ. ಸಂಜೆ ಮನೆಗೆ ಬಂದ ಮೇಲೆ ಚಾಕು ಒರೆಸಿ ಬೇರೆ ಇಡಿ, ಒರೆಯನ್ನು ಗಾಳಿಗೆ ತೂಗುಹಾಕಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಆಗುಂಬೆ, ಮಡಿಕೇರಿ ಕಡೆಯ ಜುಲೈ ತಿಂಗಳಲ್ಲಿ ಬೂಷ್ಟು ಬರಲು ತಡವಿಲ್ಲ.

ಇಷ್ಟೆಲ್ಲ ಹೇಳಿದರೂ ಹೊಸಬರಿಗೆ ಒಂದು ತೊಡಕು ಉಳಿಯುತ್ತದೆ. ಒಗರು ಹದದ ಚರ್ಮವನ್ನು ಹದ ಮಾಡುವ ಕಡೆ ಇಡೀ ಹಾಳೆಯಾಗಿಯೇ ಮಾರುತ್ತಾರೆ. ಒಂದು ಚದರ ಅಡಿ ಬೇಕಾದವರಿಗೆ ಅದು ದುಬಾರಿ, ಹಾಗಾಗಿಯೇ ಜನ ಹಳೆಯ ಬ್ಯಾಗಿಗೆ ಕೈ ಹಾಕುತ್ತಾರೆ. ಚಪ್ಪಲಿ ಮಾಡುವ ಊರುಗಳಲ್ಲಿ ಅಟ್ಟೆ ಕತ್ತರಿಸಿ ಉಳಿದ ತುಂಡುಗಳು ನಡುಪಟ್ಟಿಗೆ, ಕುಣಿಕೆಗೆ ಹೇಳಿ ಮಾಡಿಸಿದಂಥವು. ರಾಜ್ಯ ಸರ್ಕಾರದ ಚರ್ಮೋದ್ಯಮ ಸಂಸ್ಥೆಯಾದ ಲಿಡ್ಕರ್ ನಿಗಮ ತನ್ನ ಮಳಿಗೆಗಳಲ್ಲಿ ದಪ್ಪ ನಮೂದಿಸಿದ ಚದರ ಅಡಿಯ ತುಂಡುಗಳನ್ನು ಮಾರಾಟಕ್ಕಿಟ್ಟರೆ, ತರಬೇತಿಗಳಲ್ಲಿ ಪರ್ಸು, ಬೆಲ್ಟುಗಳ ಜೊತೆ ಒರೆಯನ್ನೂ ಕಲಿಸಿದರೆ, ತೋಟದ ಕೆಲಸದವರಿಗೂ ಚರ್ಮದ ಕುಶಲಕರ್ಮಿಗಳಿಗೂ ಉಪಯೋಗವಾಗುತ್ತದೆ.

ತಮ್ಮಲ್ಲಿ ನಮ್ಮ ಕೋರಿಕೆ ಇಷ್ಟೇ. ಪುರವಣಿಯ ಮುಂದಿನ ಸಂಚಿಕೆಯಲ್ಲಿ ಆ ಎರಡು ಸಲಹೆಗಳಿಗೆ ತಿದ್ದುಪಡಿ ಹಾಕಿ, ಮೇಲಿನ ಅಳತೆಯ ಒರೆ, ನಡುಪಟ್ಟಿ, ಕುಣಿಕೆಗಳ ನಕ್ಷೆಯನ್ನು ನಿಜ ಗಾತ್ರದಲ್ಲೇ ಅಚ್ಚು ಮಾಡಿ. ಪತ್ರಿಕೆಯ ಪುಟದಲ್ಲಿ ಅದು ಆರಾಮವಾಗಿ ಹಿಡಿಯುತ್ತದೆ, ಓದುಗರು ಕತ್ತರಿಸಿ ದಪ್ಪ ಕಾಗದಕ್ಕೆ ಅಂಟಿಸಿಕೊಳ್ಳಬಹುದು. ಪಕ್ಕದಲ್ಲಿ 5 ಸೆಂಟಿಮೀಟರಿನ ಗೆರೆಯೊಂದನ್ನು ಎಳೆಯುವುದನ್ನು ಮರೆಯಬೇಡಿ. ಇ-ಪೇಪರಿನಿಂದ ಮುದ್ರಿಸಿಕೊಳ್ಳುವವರು ಕತ್ತರಿ ಹಿಡಿಯುವ ಮೊದಲು ಆ ಗೆರೆಗೆ ಸ್ಕೇಲು ಇಟ್ಟು ನೋಡಲಿ. ನಕ್ಷೆ ಬೇಕೆಂದರೆ ನಾವೇ ಬರೆದು ಕಳುಹಿಸಿಕೊಡುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಚರ್ಮದ ಕೈಕೆಲಸದಲ್ಲಿರುವ ಇಬ್ಬರು ಓದುಗರು,
ಸಾಗರ, ಶಿವಮೊಗ್ಗ ಜಿಲ್ಲೆ